ಲಮೋಮಳಿಗೆ ಉಳಿದಿದ್ದ ಒಂದೇ ಮಾತು

ಕೈಯಿಂದ ಸೌಟು ಜಾರಿ ಬಿದ್ದಾಗ ಲಮೋಮಳಿಗೆ ಮೊದಲು ಬಂದದ್ದು ಸಿಟ್ಟು. ಮೂವತ್ತೆಂಟು ವರ್ಷಗಳಿಂದ ಅದೇ ಒಲೆಯ ಮುಂದೆ ನಿಂತು ಮೋಕೇಂಗ್ ಎಂಬ ಸಿಹಿತಿಂಡಿ ಮಾಡಿದವಳು ಅವಳು. ಬಾತುಕೋಳಿ ಮೊಟ್ಟೆ, ತಾಳೆಬೆಲ್ಲ, ತೆಂಗಿನಹಾಲು ಮೂರನ್ನೂ ಕದಡಿ, ತಟ್ಟೆಗೆ ಹೊಯ್ದು ಕೆಂಪಗೆ ಬೇಯಿಸಿ, ಮೇಲೆ ಹುರಿದ ಸಣ್ಣೀರುಳ್ಳಿ ಉದುರಿಸಿ ಫೆಚ್ಚಬುರಿಯ ಪೇಟೆಗೆ ಕಳಿಸುವುದು ಅವಳ ಕಸುಬು. ಸೌಟು ಬೀಳಿಸುವ ಪೈಕಿಯವಳಲ್ಲ. ಬಗ್ಗಿ ಎತ್ತಿಕೊಳ್ಳಲು ಹೋದಳು. ಬಲಗೈ ಹೇಳಿದ ಮಾತು ಕೇಳಲಿಲ್ಲ. ಬಲಗಾಲು ಯಾರದೋ ಕಾಲಿನ ಹಾಗೆ ತಣ್ಣಗೆ ಬಿದ್ದಿತ್ತು. ಹೇಗೋ ಎಡಗೈಯಲ್ಲಿ ಗೋಡೆ ಹಿಡಿದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತುಕೊಂಡಳು.

ಬೆಳಗಿನ ಆರೂವರೆ ಗಂಟೆ. ಬೇಲಿಯಾಚೆ ಬುನ್‌ಲುವನ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೂಗಲು ಆಗದಿದ್ದರೆ ಪಕ್ಕದಲ್ಲಿದ್ದ ತಟ್ಟೆಯನ್ನು ಎಡಗೈಯಿಂದ ನೆಲಕ್ಕೆ ಬಡಿಯಬಹುದಿತ್ತು. ಆದರೆ ಅವಳಿಗೆ ಕ್ರೇಂಗ್ ಚೈ ಅಡ್ಡ ಬಂತು. ಆ ಸೀಮೆಯ ಮಾತಿನಲ್ಲಿ ಚೈ ಎಂದರೆ ಎದೆ, ಮನಸ್ಸು ಕೂಡ ಅದೇ. ಅಲ್ಲಿಯವರ ಖುಷಿ, ಅಳು, ಅಂಜಿಕೆ ಬಹುಮಟ್ಟಿಗೆ ಅದನ್ನು ಬಿಟ್ಟು ಬಾಯಿಂದ ಹೊರಡುವುದಿಲ್ಲ. ಕ್ರೇಂಗ್ ಚೈ ಅಂದರೆ ಇನ್ನೊಬ್ಬರಿಗೆ ತೊಂದರೆಯಾದೀತೆಂದು ಹಿಂಜರಿಯುವ ಎದೆ, ನಮ್ಮ ದಾಕ್ಷಿಣ್ಯದ ಹಾಗೆ. ಲಮೋಮಳಲ್ಲಿ ಅದು ಊರಿಗಾಗುವಷ್ಟಿತ್ತು. ಬುನ್‌ಲುವನ ಮಗ ಬರುವ ಭಾನುವಾರ ತಲೆ ಬೋಳಿಸಿಕೊಂಡು ಭಿಕ್ಷುವಾಗುವವನಿದ್ದ. ಆ ಮನೆಯವರಿಗೆ ನೆಂಟರು, ಚಪ್ಪರ, ಅಡುಗೆಯ ಏರ್ಪಾಡಿನಲ್ಲಿ ಕೂರಲು ಪುರುಸೊತ್ತಿರಲಿಲ್ಲ. ಅವರ ಗಡಿಬಿಡಿಯ ನಡುವೆ ನನ್ನ ತಲೆಸುತ್ತು ಯಾಕೆ ಎಂದುಕೊಂಡಳು. ಐದು ನಿಮಿಷ ಕೂತರೆ ಸರಿಹೋಗುತ್ತದೆ ಎಂದುಕೊಂಡಳು.

ಎಂಟು ಗಂಟೆಗೆ ಬುನ್‌ಲುವ ದಿನದ ಹಾಗೆ ಬೆಲ್ಲದ ಡಬ್ಬ ಹೊತ್ತು ಬೇಲಿಯ ಕಂಡಿಯಲ್ಲಿ ತೂರಿ ಬಂದ. ಕತ್ತಲಿರುವಾಗಲೇ ತಾಳೆಮರ ಹತ್ತಿ ನೀರಾ ಇಳಿಸುವ ಮನುಷ್ಯ. ಮೈಯೆಲ್ಲ ನರ, ಬಾಯಲ್ಲಿ ಮಾತು ಕಡಿಮೆ. ಒಲೆ ಉರಿಯುತ್ತಿತ್ತು, ತಟ್ಟೆಯಲ್ಲಿದ್ದದ್ದು ಕರಕಲಾಗಿತ್ತು. ಲಮೋಮ್ ಮೆಟ್ಟಿಲ ಮೇಲೆ ವಾಲಿಕೊಂಡು, ಒಂದು ಕಡೆ ಜೋತ ಬಾಯಿಂದಲೇ ಅವನನ್ನು ನೋಡಿ ನಗಲು ನೋಡುತ್ತಿದ್ದಳು.

ಅವನು ಒಲೆ ಆರಿಸಿದ. ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ತನ್ನ ಪಿಕಪ್ ಗಾಡಿಯಲ್ಲಿ ಕೂರಿಸಿ, ಹೆಂಡತಿಗೆ ಒಂದು ಮಾತು ಕೂಗಿ ಹೇಳಿ, ಆಸ್ಪತ್ರೆಯ ದಾರಿ ಹಿಡಿದ.

ಆಸ್ಪತ್ರೆಯಲ್ಲಿ ಲಮೋಮಳಿಗೆ ಎಲ್ಲವೂ ಅರ್ಥವಾಗುತ್ತಿತ್ತು. ನರ್ಸ್ ಬಾಗಿ "ಏನಾಗ್ತಿದೆ ದೊಡ್ಡಮ್ಮ?" ಎಂದಾಗ, ಗ್ಯಾಸ್ ತಿರುಗಿಸಿದ್ದು ಸರಿಯಾಗಿ ಬಿಗಿಯಾಗಿದೆಯೋ ಇಲ್ಲವೋ ನೋಡಲು ಹೇಳಿ ಎನ್ನಬೇಕೆಂದುಕೊಂಡಳು. ಮಾತು ತಲೆಯಲ್ಲಿ ಸಾಲಾಗಿ ನಿಂತಿತ್ತು. ಬಾಯಿಂದ ಬಂದದ್ದು ಮಾತ್ರ ಒಂದೇ.

"ಚೈ."

"ಎದೆನಾ? ಎದೆ ನೋವಾ?"

ಅಲ್ಲ ಎನ್ನಲು ಹೋದಳು. "ಚೈ. ಚೈ."

ಅವಳ ಎದೆಗೆ ತಂತಿ ಅಂಟಿಸಿದರು, ಯಂತ್ರ ಉರುಳಿಸಿಕೊಂಡು ಬಂದರು, ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಕಾಗದದ ಮೇಲೆ ಗೀಚಿ ಬಂದ ಗೆರೆ ಹದಿನೆಂಟರ ಹುಡುಗಿಯ ಎದೆಯದರ ಹಾಗೆ ಸರಿಯಾಗಿತ್ತು. ಕೆಟ್ಟಿದ್ದು ತಲೆಯ ಎಡಭಾಗ. ರಕ್ತ ಹೆಪ್ಪುಗಟ್ಟಿ ಮಾತಿನ ಜಾಗಕ್ಕೆ ಏಟು ಬಿದ್ದಿದೆ ಎಂದು ಡಾಕ್ಟರು ಬುನ್‌ಲುವನಿಗೆ ಹೇಳಿದರು. ಇನ್ನೂ ಬೇಗ ಕರೆತಂದಿದ್ದರೆ ಚೆನ್ನಾಗಿತ್ತು, ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಮಂಚದ ಮೇಲೆ ಮಲಗಿ ಅದನ್ನು ಕೇಳಿಸಿಕೊಂಡ ಲಮೋಮಳಿಗೆ ಮೆಟ್ಟಿಲ ಪಕ್ಕದಲ್ಲಿದ್ದ ತಟ್ಟೆ ಕಣ್ಣ ಮುಂದೆ ಬಂತು. ಒಂದು ಸಲ ಬಡಿಯಬಹುದಾಗಿತ್ತು.

ಬುನ್‌ಲುವ ಲಮೋಮಳ ಮನೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದ ನಂಬರು ಹುಡುಕಿ ರಾಚಬುರಿಗೆ ಫೋನ್ ಮಾಡಿದ. ಮಧ್ಯಾಹ್ನದ ಹೊತ್ತಿಗೆ ತಂಗಿ ಪ್ರಯೋಂಗ್ ಬಂದಳು. ಬಂದವಳೇ ಮಂಚದ ಅಂಚಿನಲ್ಲಿ ಕೂತು ಅಕ್ಕನ ಜಡವಾದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಲಮೋಮ್ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಅಕ್ಕತಂಗಿಯರ ನಡುವೆ ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಒಂದು ದಿನ ಮುಗಿಯುತ್ತಿತ್ತು. ಒಂಬತ್ತು ವರ್ಷದ ಹಿಂದೆ ಅವರ ಅಮ್ಮ ತೀರಿಕೊಂಡಿದ್ದರು. ಅದಕ್ಕೂ ಮುಂಚೆ ಆರು ವರ್ಷ ಅವರು ಹಾಸಿಗೆ ಹಿಡಿದಿದ್ದರು. ಆ ಆರು ವರ್ಷ ಅವರನ್ನು ತೊಳೆದು, ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿದವಳು ಮದುವೆಯಾಗದೆ ಮನೆಯಲ್ಲೇ ಉಳಿದ ಲಮೋಮ್. ದಹನದ ದಿನ ದೇವಾಲಯದ ಮಂಟಪದಲ್ಲಿ ಮೈಕ್ ಹಿಡಿದವಳು ಪ್ರಯೋಂಗ್. ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ನಾಲ್ಕು ಜನರ ಮುಂದೆ ಮಾತಾಡಿ ರೂಢಿ. ಗುರುಗಳಿಗೆ, ಊರ ಮುಖ್ಯಸ್ಥರಿಗೆ, ಗಂಜಿ ಬೇಯಿಸಿದ ಹೆಂಗಸರಿಗೆ, ಫ್ಯಾನ್ ಬಾಡಿಗೆಗೆ ಕೊಟ್ಟವನಿಗೆ, ಕೊನೆಗೆ ಹೂವು ತಂದ ಗಾಡಿಯ ಚಾಲಕನಿಗೂ ಒಬ್ಬೊಬ್ಬರ ಹೆಸರೆತ್ತಿ ಉಪಕಾರ ಹೇಳಿದಳು. ಮುಂದಿನ ಸಾಲಿನಲ್ಲಿ ಕಪ್ಪು ಬಟ್ಟೆಯುಟ್ಟು ಕೂತ ಲಮೋಮ್ ತನ್ನ ಹೆಸರು ಬರುತ್ತದೆಂದು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು. ಪಟ್ಟಿ ಮುಗಿಯಿತು. ಹೆಸರು ಬರಲಿಲ್ಲ.

ಮನೆಯವರಿಗೆ ಯಾರಾದರೂ ಮೈಕಿನಲ್ಲಿ ಉಪಕಾರ ಹೇಳುತ್ತಾರೆಯೇ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮನಸ್ಸು ಒಪ್ಪಲಿಲ್ಲ. ಅವತ್ತಿನಿಂದ ತಂಗಿಯ ಫೋನ್ ಬಂದರೆ "ಒಲೆ ಮೇಲೆ ಇಟ್ಟಿದ್ದೀನಿ, ಆಮೇಲೆ ಮಾಡ್ತೀನಿ" ಎನ್ನುತ್ತಿದ್ದಳು. ಹೊಸ ವರ್ಷಕ್ಕೆ ಪ್ರಯೋಂಗ್ ಬಂದು ಕೈಗೆ ಪರಿಮಳದ ನೀರೆರೆದು ನಮಸ್ಕರಿಸಿದರೆ ಹರಸುತ್ತಿದ್ದಳು, ಊಟಕ್ಕೆ ಬಡಿಸುತ್ತಿದ್ದಳು, ಅಷ್ಟೇ. ಪ್ರಯೋಂಗಳಿಗೆ ಏನೋ ಆಗಿದೆಯೆಂದು ಗೊತ್ತಿತ್ತು. ಏನೆಂದು ಕೇಳಲು ಅವಳಿಗೂ ಹಿಂಜರಿಕೆ.

ಈಗ ಅವಳೇ ಬಂದು ಕೂತಿದ್ದಳು. ಎರಡು ವಾರದ ನಂತರ ಲಮೋಮಳನ್ನು ಮನೆಗೆ ಕಳಿಸಿದಾಗ ಅವಳ ಜೊತೆಗೇ ಬಂದು, ಒಳಕೋಣೆಯಲ್ಲಿ ತನ್ನ ಚೀಲ ಬಿಚ್ಚಿ ಬಟ್ಟೆ ನೇತುಹಾಕಿದಳು. ಬೇಲಿಯಾಚೆಯಿಂದ ಬುನ್‌ಲುವನ ಹೆಂಡತಿ "ಮನೇಲಿ ಯಜಮಾನ್ರಿಗೆ ಊಟ?" ಎಂದಾಗ ಪ್ರಯೋಂಗ್ ಅಂದಳು:

"ನಲವತ್ತು ವರ್ಷ ಬಡಿಸಿದೀನಿ. ಈಗ ಅನ್ನ ಬೇಯ್ಸೋದು ಕಲೀಲಿ. ನೀರಿಗೆ ಅಕ್ಕಿ ಹಾಕ್ಬೇಕು ಅನ್ನೋದಾದ್ರೂ ಗೊತ್ತಾಗುತ್ತೆ."

ಮೊದಲ ದಿನಗಳು ಕಷ್ಟದವು. ಲಮೋಮಳಿಗೆ ನೀರು ಬೇಕಾದರೂ ಚೈ, ಕಿಟಕಿ ಮುಚ್ಚಬೇಕಾದರೂ ಚೈ, ಶೌಚಕ್ಕೆ ಹೋಗಬೇಕಾದರೂ ಚೈ. ಪ್ರಯೋಂಗ್ ಫ್ಯಾನ್ ಹಾಕುತ್ತಿದ್ದಳು, ಫ್ಯಾನ್ ಆರಿಸುತ್ತಿದ್ದಳು, ದಿಂಬು ತರುತ್ತಿದ್ದಳು, ಮೀನಿನ ಸಾರು ತರುತ್ತಿದ್ದಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತು ಅಳಬೇಕೋ ನಗಬೇಕೋ ತಿಳಿಯದೆ ನೋಡುತ್ತಿದ್ದಳು. ತಂಗಿ ತನ್ನ ಮೈ ಒರೆಸುವಾಗ ಲಮೋಮ್ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಯಾರ ಕೈಯಿಂದ ಏನೂ ಮಾಡಿಸಿಕೊಳ್ಳದೆ ಬದುಕಿದ ಹೆಂಗಸು ಅವಳು. ಅದರಲ್ಲೂ ಈ ಕೈಯಿಂದ.

ವಾರಕ್ಕೊಮ್ಮೆ ಬುನ್‌ಲುವ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಮಾತು ಕಲಿಸುವವಳು ಖ್ವಾನ್ ಎಂಬ ಹುಡುಗಿ, ಇಪ್ಪತ್ತೇಳು ವರ್ಷದವಳು. ಚಿತ್ರದ ಚೀಟಿ ತೋರಿಸಿ ಬೆಕ್ಕು, ಛತ್ರಿ, ಬಾಳೆಹಣ್ಣು ಹೇಳಿಸಲು ನೋಡಿದಳು. ಎಲ್ಲದಕ್ಕೂ ಚೈ. ಮೂರನೆಯ ವಾರ ಅವಳು ಚೀಟಿಗಳನ್ನು ಪಕ್ಕಕ್ಕಿಟ್ಟು ಲಮೋಮಳ ಮುಖವನ್ನೇ ನೋಡುತ್ತ, ಮಾತನ್ನು ಅರ್ಧಕ್ಕೆ ಬಿಟ್ಟಂತೆ ಅಂದಳು:

"ದೊಡ್ಡಮ್ಮ, ಇವತ್ತು ನೀವು ಬಂದಿದ್ದಕ್ಕೆ ನಂಗೆ ತುಂಬಾ ದೀ…"

"ಚೈ," ಎಂದಳು ಲಮೋಮ್.

ದೀ ಚೈ. ಒಳ್ಳೆಯದಾದ ಎದೆ, ಸಂತೋಷ. ಆ ಮಾತು ಅದಕ್ಕೆ ಬೇಕಾದ ರಾಗದಲ್ಲೇ ಬಂದಿತ್ತು. ಲಮೋಮ್ ತಾನೇ ಬೆಚ್ಚಿ ಖ್ವಾನಳ ಮುಖ ನೋಡಿದಳು. ಖ್ವಾನ್ ಸದ್ದು ಮಾಡದೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಾಗಿಲು ಢಬ್ ಅಂತು, ನಂಗೆ ತೋಕ್…"

"ಚೈ." ಬಿದ್ದ ಎದೆ, ಗಾಬರಿ.

"ಪಾಠ ಹೇಳಿದ್ರು, ನಂಗೆ ಖಾವ್…"

"ಚೈ." ಒಳಗೆ ಹೊಕ್ಕ ಎದೆ. ಅರ್ಥವಾಯಿತು ಎಂದು ಹೇಳುವುದೇ ಹಾಗೆ.

ಪ್ರಯೋಂಗ್ ಬಾಯಿಗೆ ಸೆರಗಿನ ಹಾಗೆ ಟವೆಲ್ ಒತ್ತಿಕೊಂಡು ನಿಂತಿದ್ದಳು. ಖ್ವಾನ್ ಅವಳ ಕಡೆ ತಿರುಗಿದಳು.

"ಚಿಕ್ಕಮ್ಮ, ಏನ್ ಬೇಕು ಏನ್ ಬೇಕು ಅಂತ ಕೇಳ್ಬೇಡಿ. ಇವ್ರ ಹತ್ರ ಮಾತಿನ ಬಾಲ ಇದೆ. ನೀವು ತಲೆ ಕೊಡಿ. ಸರಿಯಾಗಿದ್ರೆ ಅವ್ರೇ ಜೋಡಿಸ್ತಾರೆ. ಸರಿಯಿಲ್ದಿದ್ರೆ ಸುಮ್ನಿರ್ತಾರೆ."

ಆಮೇಲೆ ಆ ಮನೆಯಲ್ಲಿ ದಿನವಿಡೀ ಅದೇ. ತೆಂಗಿನಕಾಯಿ ತುರಿಯುತ್ತ ಪ್ರಯೋಂಗ್ ಒಂದೊಂದೇ ತಲೆ ಕೊಡುತ್ತಿದ್ದಳು. "ನಾನ್ ಮಾಡಿದ್ ಸಾರು ತಿಂದ್ರೆ ಸಬಾಯ್…?" ಹಾಯಾದ ಎದೆ ಎಂಬ ಆ ಮಾತಿಗೆ ಲಮೋಮ್ ಸುಮ್ಮನಿರುತ್ತಿದ್ದಳು. "ಹಾಗಾದ್ರೆ ಸಿಯ…?" "ಚೈ," ಎಂದು ಥಟ್ಟನೆ ಬರುತ್ತಿತ್ತು. ಬೇಸರ, ವ್ಯಥೆ. "ನಾಳೆಯಿಂದ ನೀನೇ ಮಾಡ್ಕೋ ಹೋಗು," ಎನ್ನುತ್ತಿದ್ದಳು ತಂಗಿ. ಲಮೋಮಳ ಜೋತ ತುಟಿಯ ತುದಿ ಅಲುಗುತ್ತಿತ್ತು. ಹೇಳಿದ್ದನ್ನು ಒಪ್ಪದಿರುವ ಅಧಿಕಾರ ವಾಪಸು ಬಂದದ್ದೇ ಅವಳಿಗೆ ದೊಡ್ಡ ಸುಖ. ಬುನ್‌ಲುವನೂ ಬೆಲ್ಲದ ಡಬ್ಬ ಇಳಿಸಿ ಹೋಗುವ ಮುನ್ನ ನಾಚಿಕೊಂಡು ಒಂದು ಮಾತು ಎಸೆಯುತ್ತಿದ್ದ. "ಲಮೋಮಕ್ಕ, ಇವತ್ತು ಕಮ್‌ಲಾಂಗ್…?" ಅವಳು "ಚೈ" ಎಂದರೆ ತಲೆಯಾಡಿಸಿ ಹೋಗುತ್ತಿದ್ದ. ಎದೆಯ ಬಲ ಎಂದು ಆ ಮಾತಿನ ಅರ್ಥ. ಅವನು ಹೋದ ಮೇಲೆ ಅದು ನಿಜವಾಗಿಯೂ ಸ್ವಲ್ಪ ಹೆಚ್ಚಿದ ಹಾಗೆ ಅವಳಿಗೆ ಅನಿಸುತ್ತಿತ್ತು.

ಏಪ್ರಿಲ್ ತಿಂಗಳ ಸೆಕೆಯ ಒಂದು ಮಧ್ಯಾಹ್ನ. ಅಕ್ಕತಂಗಿಯರು ಹಿಂದಿನ ಜಗುಲಿಯಲ್ಲಿ ಕೂತು ಸಣ್ಣೀರುಳ್ಳಿ ಸುಲಿಯುತ್ತಿದ್ದರು. ಪೇಟೆಯ ಅಂಗಡಿಯವರು ಕೇಳಿ ಕೇಳಿ, ಪ್ರಯೋಂಗ್ ವಾರಕ್ಕೆ ಮೂರು ದಿನ ಮೋಕೇಂಗ್ ಮಾಡಲು ಶುರು ಮಾಡಿದ್ದಳು. ಲಮೋಮ್ ಬಲಗೈಯ ಕೆಳಗೆ ಈರುಳ್ಳಿ ಒತ್ತಿಟ್ಟು ಎಡಗೈಯಿಂದ ಸಿಪ್ಪೆ ಕೀಳುತ್ತಿದ್ದಳು. ನಾಲ್ಕು ಸುಲಿಯುವುದರಲ್ಲಿ ತಂಗಿ ನಲವತ್ತು ಸುಲಿದಿರುತ್ತಿದ್ದಳು.

ಪ್ರಯೋಂಗ್ ಕೈ ನಿಲ್ಲಿಸಿದಳು. "ಅಕ್ಕ, ಒಂದ್ ಮಾತ್ ಕೇಳ್ಲಾ? ನೀನ್ ಹೇಗಿದ್ರೂ ಎದ್ದು ಓಡಕ್ಕಾಗಲ್ಲ."

ಲಮೋಮ್ ನೋಡಿದಳು.

"ಅಮ್ಮ ಹೋದಾಗ್ನಿಂದ ನೀನು ನನ್ ಹತ್ರ ಸರಿಯಾಗಿಲ್ಲ. ನಾನೇನ್ ಮಾಡ್ದೆ ಅಂತ ಒಂಬತ್ತು ವರ್ಷ ಯೋಚ್ನೆ ಮಾಡಿದೀನಿ. ತಲೆ ಕೊಡ್ತೀನಿ, ನೀನು ಜೋಡ್ಸು. ನನ್ ಮೇಲೆ ಖೇನ್…?"

ಹಗೆಯ ಮಾತು ಅದು. ಲಮೋಮ್ ಸುಮ್ಮನಿದ್ದಳು.

"ಫಿತ್ ವಾಂಗ್ ಅಂತಾರಲ್ಲ, ನಿರಾಸೆ ಆಯ್ತಾ? ಅದ್ರಲ್ಲಿ ಚೈ ಇಲ್ಲ, ಬಿಡು. ಹಾಗಾದ್ರೆ ಬ್ವಾ…?" ಬೇಸತ್ತ ಎದೆ. "ನಾನಂದ್ರೆ ಸಾಕಾಗೋಯ್ತಾ?"

ಲಮೋಮ್ ತಲೆ ಅಲ್ಲಾಡಿಸಿದಳು. ಪ್ರಯೋಂಗ್ ಇನ್ನೂ ಎರಡು ಮೂರು ಹೇಳಿದಳು. ಯಾವುದಕ್ಕೂ ಬಾಲ ಬರಲಿಲ್ಲ. ಬೇಕಾದ ಮಾತು ತಂಗಿಗೆ ಹೊಳೆಯುತ್ತಲೇ ಇರಲಿಲ್ಲ. ಇವಳು ಕೊಡುವವರೆಗೂ ಕಾದರೆ ಇನ್ನೂ ಒಂಬತ್ತು ವರ್ಷ ಹೋಗುತ್ತದೆ ಎನಿಸಿತು ಲಮೋಮಳಿಗೆ. ನಾಲಗೆಯನ್ನು ಹಲ್ಲಿನ ಹಿಂದಕ್ಕೆ ತಂದಳು. ಕತ್ತಿನ ನರ ಬಿಗಿಯಿತು. ಬೆವರು ಕಿತ್ತುಕೊಂಡಿತು.

"ನೋ… ನೋಯ್," ಎಂದಳು. ಆಮೇಲೆ, ಸರಾಗವಾಗಿ, "ಚೈ."

ನೋಯ್ ಚೈ. ಹೊರಗಿನವರ ಮೇಲೆ ಸುಲಭವಾಗಿ ಬರುವುದಲ್ಲ ಅದು. ನಮ್ಮವರೇ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದಾಗ ಎದೆ ಮುದುಡಿ ಸಣ್ಣದಾಗುತ್ತದಲ್ಲ, ಅದು. ಕಾಯಿಲೆ ಬಿದ್ದ ಮೇಲೆ ತಲೆಯಿಂದ ಬಾಲದವರೆಗೆ ಅವಳೇ ಹೇಳಿದ ಮೊದಲ ಮಾತು.

ಪ್ರಯೋಂಗ್ ಈರುಳ್ಳಿಯ ಬುಟ್ಟಿಯನ್ನು ದೂರ ತಳ್ಳಿದಳು. "ಯಾವಾಗ? ಅಕ್ಕ, ಯಾವಾಗ?"

ಲಮೋಮ್ ಎಡಗೈ ಮುಷ್ಟಿ ಕಟ್ಟಿ ಬಾಯಿಯ ಹತ್ತಿರ ಹಿಡಿದಳು, ಮೈಕ್ ಹಿಡಿದ ಹಾಗೆ. ಆಮೇಲೆ ಅದೇ ಕೈಯ ಬೆರಳನ್ನು ಒಂದೊಂದಾಗಿ ಮಡಿಸಿದಳು. ಗುರುಗಳು, ಮುಖ್ಯಸ್ಥರು, ಗಂಜಿಯವರು, ಫ್ಯಾನಿನವನು. ಕೊನೆಗೆ ತನ್ನ ಎದೆ ಮುಟ್ಟಿಕೊಂಡು ಅಂಗೈ ಬರಿದು ಮಾಡಿ ತೋರಿಸಿದಳು.

ಪ್ರಯೋಂಗಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಅವಳ ಮುಖ ಸುಟ್ಟ ಹಾಗಾಯಿತು.

"ನಿನ್ ಹೆಸ್ರು ಮೊದಲ್ನೇದಾಗಿತ್ತು," ಎಂದಳು. "ಕಾಗದದಲ್ಲಿ. ಮೊದಲ್ನೇ ಸಾಲು ನಿಂದೇ. ಹಿಂದಿನ್ ದಿನ ಸಾಯಂಕಾಲ ಕೂತು ಬರ್ದಿದ್ದೆ. ಮೈಕ್ ಮುಂದೆ ನಿಂತೆ, ಕಾಗದ ಬಿಚ್ದೆ, ‘ನನ್ನ ಅಕ್ಕ’ ಅಂತ ಕಣ್ಣಿಗ್ ಬಿತ್ತು. ಗಂಟ್ಲು ಕಟ್ಕೊಂಡ್ಬಿಡ್ತು. ನೀನು ಎದ್ರಿಗೇ ಕೂತಿದ್ದೆ. ಓದಿದ್ರೆ ಗೋಳೋ ಅಂತ ಅತ್ತುಬಿಡ್ತೀನಿ, ಗುರುಗಳು ಕಾಯ್ತಿದಾರೆ, ಜನ ಕಾಯ್ತಿದಾರೆ. ಎರಡ್ನೇ ಸಾಲಿಂದ ಶುರು ಮಾಡ್ದೆ. ಕೊನೇಲಿ ಹೇಳೋಣ ಅಂದ್ಕೊಂಡೆ. ಕೊನೇಲಿ ಗುರುಗಳು ಎದ್ಬಿಟ್ರು."

"ಆಮೇಲೆ ಮನೇಲಿ ಹೇಳ್ಬೋದಿತ್ತು," ಎಂದು ತಾನೇ ಮುಂದುವರಿಸಿದಳು, ಅಕ್ಕ ಕೇಳದಿದ್ದರೂ. "ಹೇಳ್ಲಿಲ್ಲ. ಸ್ವಂತ ಅಕ್ಕಂಗೆ ಏನ್ ಬಾಯಲ್ಲಿ ಉಪಕಾರ ಹೇಳೋದು ಅಂದ್ಕೊಂಡೆ. ನಿಂಗ್ ಗೊತ್ತೇ ಇರುತ್ತೆ ಅಂದ್ಕೊಂಡೆ. ನೀನಾದ್ರೂ ಒಂದ್ ಮಾತು ಬೈದಿದ್ರೆ? ಬಾಯಿ ಚೆನ್ನಾಗಿದ್ದಾಗ ಒಂಬತ್ತು ವರ್ಷ ಮುಚ್ಕೊಂಡಿದ್ದು, ಬಾಯಿ ಹೋದ್ಮೇಲೆ ಹೇಳ್ತೀಯಲ್ಲ, ಎಂಥ ಹೆಂಗ್ಸು ನೀನು?"

ಲಮೋಮಳಿಗೆ ನಗು ಬಂತು. ಅರ್ಧ ಮುಖದ ನಗು. ಅದರ ಜೊತೆಗೆ ಕಣ್ಣಲ್ಲಿ ನೀರು. ಈರುಳ್ಳಿ ಬೇರೆ ಇತ್ತಲ್ಲ, ಇಬ್ಬರೂ ಅದರ ಮೇಲೆ ಹಾಕಿ ಸ್ವಲ್ಪ ಹೊತ್ತು ಒರೆಸಿಕೊಂಡರು.

"ಅವತ್ತು ಬರ್ದಿದ್ದು ಈಗ್ಲೂ ಬಾಯಲ್ಲಿದೆ," ಎಂದಳು ಪ್ರಯೋಂಗ್. ಕಾಲು ಮಡಿಚಿ ನೆಟ್ಟಗೆ ಕೂತು ಕೈಮುಗಿದಳು. "ಆರು ವರ್ಷ, ಒಂದು ರಾತ್ರಿನೂ ಮನೆ ಬಿಟ್ಟು ಮಲಗದೆ, ನಮ್ಮಮ್ಮನ ಮೈಮೇಲೆ ಒಂದು ಹುಣ್ಣೂ ಆಗದ ಹಾಗೆ ನೋಡ್ಕೊಂಡ ನನ್ನ ಅಕ್ಕ ಲಮೋಮ್‌ಗೆ…"

ಮತ್ತೆ ಗಂಟಲು ಕಟ್ಟಿತು. ಒಂಬತ್ತು ವರ್ಷವಾದರೂ ಅದೇ ಜಾಗದಲ್ಲಿ.

ಲಮೋಮ್ ಕಾದಳು. ತಂಗಿಯ ಮುಖ ನೋಡಿದಳು. ಈ ಎರಡು ತಿಂಗಳು ತನ್ನನ್ನು ತೊಳೆದು, ಒರೆಸಿ, ಮಗ್ಗುಲು ಬದಲಿಸಿ, ಬೈಗುಳದ ಜೊತೆ ಗಂಜಿ ಕುಡಿಸಿದ ಮುಖ. ಬೇಕಾದ ಮಾತು ಅವಳ ಬಾಯಲ್ಲಿ ತಾನಾಗಿ ಕೂಡಿಕೊಂಡಿತು. ದೊಡ್ಡವರು ಚಿಕ್ಕವರಿಗೆ ಉಪಕಾರ ಹೇಳುವ ಮಾತು.

"ಖೋಪ್ ಚೈ," ಎಂದಳು.

"ಅದು ನಾನ್ ಹೇಳ್ಬೇಕಾದ್ದು," ಎಂದು ಪ್ರಯೋಂಗ್ ಅಕ್ಕನ ಮಡಿಲಲ್ಲಿ ಮುಖವಿಟ್ಟುಬಿಟ್ಟಳು. ಜಡವಾದ ಬಲಗೈ ಅಲ್ಲೇ ಇತ್ತು. ಲಮೋಮ್ ಅದನ್ನು ಎಡಗೈಯಿಂದ ಎತ್ತಿ ತಂಗಿಯ ತಲೆಯ ಮೇಲೆ ಇಟ್ಟಳು.

ಮಾತುಗಳು ಒಂದೇ ಸಲಕ್ಕೆ ಬರಲಿಲ್ಲ. ಒಂದೊಂದು ವಾರಕ್ಕೆ ಒಂದೊಂದು ಬಂತು, ಕೆಲವು ಬಂದು ಮತ್ತೆ ಕಳೆದುಹೋದವು. ಮೊದಲು ಬಾಲವಾಗಿದ್ದ ಚೈ ಕ್ರಮೇಣ ತಲೆಯೂ ಆಯಿತು. ಒಂದು ಬೆಳಗ್ಗೆ ಬುನ್‌ಲುವ ಡಬ್ಬ ಇಳಿಸಿ ಹೊರಟಾಗ ಲಮೋಮ್ "ಚೈ…" ಎಂದು ಅವನನ್ನು ತಡೆದಳು. ಅವನು ನಿಂತ.

"ಏನಕ್ಕ? ಚೈ ರೋನ್? ಬೆಲ್ಲ ಲೇಟಾಯ್ತು ಅಂತ ಎದೆ ಬಿಸಿನಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಎಡಗೈಯನ್ನು ಅವನ ಕಡೆ ಚಾಚಿ, ನಿಧಾನವಾಗಿ, "ದೀ," ಎಂದಳು. ಚೈ ದೀ. ಒಳ್ಳೆಯ ಎದೆಯವನು. ಅರವತ್ತಡಿ ಮರ ಹತ್ತುವವನು ಆ ಮಾತಿನ ಮುಂದೆ ನಿಲ್ಲಲಾರದೆ, "ನೀರಾ ಬಿಸಿಲಿಗೆ ಹುಳಿಯಾಗುತ್ತೆ, ಬರ್ತೀನಿ" ಎಂದು ಕಂಡಿಯಲ್ಲಿ ತೂರಿ ಹೋದ. ನೀರಾವನ್ನು ಆಗಲೇ ಕುದಿಸಿ ಬೆಲ್ಲ ಮಾಡಿ ತಂದಿದ್ದನೆಂಬುದು ಅವನಿಗೆ ಮರೆತೇ ಹೋಗಿತ್ತು.

ಮಳೆಗಾಲದ ಹೊತ್ತಿಗೆ ಲಮೋಮ್ ಕೋಲು ಹಿಡಿದು ನಡೆಯುತ್ತಿದ್ದಳು. ಬಲಗೈ ಪೂರ್ತಿ ಬರಲಿಲ್ಲ, ಬರುವುದೂ ಇಲ್ಲ ಎಂದರು ಡಾಕ್ಟರು. ಪ್ರಯೋಂಗ್ ವಾರದಲ್ಲಿ ನಾಲ್ಕು ದಿನ ಅಕ್ಕನ ಮನೆ, ಮೂರು ದಿನ ಗಂಡನ ಮನೆ ಎಂದು ಪಾಲು ಮಾಡಿಕೊಂಡಳು. ಅವಳ ಗಂಡ ಅನ್ನ ಬೇಯಿಸುವುದನ್ನು ಕಲಿತು, ಈಗ ಬೇರೆಯವರ ಅನ್ನಕ್ಕೆ ಹೆಸರಿಡುವ ಹಂತಕ್ಕೆ ಬಂದಿದ್ದ.

ಪ್ರಯೋಂಗ್ ಇಲ್ಲದ ದಿನಗಳಲ್ಲಿ ಬುನ್‌ಲುವನ ಹೆಂಡತಿ ಊಟ ತರುತ್ತಿದ್ದಳು. ಮೊದಮೊದಲು ಬಟ್ಟಲು ಇಸಿದುಕೊಳ್ಳುವಾಗ ಲಮೋಮಳ ಮುಖದಲ್ಲಿ ಹಳೆಯ ಮುಜುಗರ ಕಾಣುತ್ತಿತ್ತು. ಆಮೇಲಾಮೇಲೆ ಅವಳೇ ಬೇಲಿಯ ಹತ್ತಿರ ಹೋಗಿ ಕೋಲಿನಿಂದ ಗೂಟಕ್ಕೆ ಎರಡು ಸಲ ಬಡಿಯತೊಡಗಿದಳು. ಬಡಿದರೆ ಬರುತ್ತಾರೆ. ಅಷ್ಟು ಸುಲಭದ್ದೆಂದು ಅರವತ್ತನಾಲ್ಕು ವರ್ಷ ಗೊತ್ತಾಗಿರಲಿಲ್ಲ.

ಮಳೆ ಬಿಟ್ಟ ಒಂದು ಬೆಳಗ್ಗೆ ಪ್ರಯೋಂಗ್ ಒಲೆಯ ಮುಂದೆ ಮೊಟ್ಟೆ ಕದಡುತ್ತಿದ್ದಳು. ಲಮೋಮ್ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದಳು. ತಂಗಿ ತೆಂಗಿನಹಾಲಿನ ಪಾತ್ರೆ ಎತ್ತಿ ಸುರಿಯುತ್ತಲೇ ಇದ್ದಳು.

"ಸಾಕು, ಜಾಸ್ತಿ ಆಯ್ತು," ಎಂದಳು ಲಮೋಮ್.

ಪ್ರಯೋಂಗಳ ಕೈ ಹಾಗೇ ನಿಂತಿತು. ಹಿಂದೆ ತಿರುಗಿ ನೋಡಿದಳು. ಚೈ ಇಲ್ಲದ ಮಾತು, ಒಂದಲ್ಲ, ಮೂರು.

"ಏನಂದೆ?"

"ಜಾಸ್ತಿ ಆಯ್ತು," ಎಂದಳು ಲಮೋಮ್ ಮತ್ತೆ, ಸ್ವಲ್ಪ ರೇಗಿ. "ತೆಳ್ಳಗೆ."

ಪ್ರಯೋಂಗ್ ಪಾತ್ರೆ ಕೆಳಗಿಟ್ಟು, ಒದ್ದೆ ಕೈಯಲ್ಲೇ ಫೋನ್ ಎತ್ತಿಕೊಂಡು ಖ್ವಾನಳಿಗೆ ಕರೆ ಮಾಡಿದಳು. "ಅಮ್ಮಾ ಖ್ವಾನ್, ನಿಮ್ ದೊಡ್ಡಮ್ಮ ನನ್ನ ಬೈತಿದಾರೆ," ಎಂದು ಜೋರಾಗಿ ಹೇಳುತ್ತಿದ್ದಳು, "ಸರಿಯಾಗಿ, ಪೂರ್ತಿಯಾಗಿ ಬೈತಿದಾರೆ." ಆ ಕಡೆಯಿಂದ ಹುಡುಗಿಯ ನಗು ಕೇಳಿಸಿತು. ಲಮೋಮ್ ಎಡಗೈಯಲ್ಲಿ ಸೌಟು ತೆಗೆದುಕೊಂಡು, ಇನ್ನೆರಡು ಮೊಟ್ಟೆ ಒಡೆದು ಹಾಕಿದರೆ ಸರಿಹೋಗುತ್ತದೆ ಎಂದುಕೊಂಡು ಬುಟ್ಟಿಗೆ ಕೈ ಚಾಚಿದಳು.